ಕಾಶವ್ವ ಬುತ್ತಿ ಬಿಚ್ಚಿದ ಜಾಗ

ಗದಗ ಬೆಟಗೇರಿಯಲ್ಲಿ ಕಾಶವ್ವ ಎಂಬ ಹೆಣ್ಣುಮಗಳು ಖಾನಾವಳಿ ನಡೆಸುತ್ತಿದ್ದಳು. ಗಂಡ ತೀರಿಕೊಂಡಾಗ ಅವಳ ಪಾಲಿಗೆ ಉಳಿದದ್ದು ಒಂದು ಒಲೆ, ಒಂದು ಹಂಚು. ಇವಳ ಕೈಲಿ ಆಗುವುದಿಲ್ಲ ಎಂದು ಓಣಿಯವರೆಲ್ಲ ಹೇಳಿದರು. ಅವಳು ಯಾರ ಮಾತನ್ನೂ ಕೇಳಲಿಲ್ಲ. ರೊಟ್ಟಿ ಬಡಿದಳು, ಗೆದ್ದಳು. ಯಾರ ಮಾತನ್ನೂ ಕೇಳದಿರುವುದೇ ತನ್ನ ಏಳಿಗೆಯ ಗುಟ್ಟು ಎಂದು ಅಂದಿನಿಂದ ನಂಬಿಬಿಟ್ಟಳು.

ಅವಳು ಮಾತು ಕೇಳುತ್ತಿದ್ದುದು ಒಬ್ಬರದು ಮಾತ್ರ, ಅದೂ ಅರ್ಧ. ಅದು ಅತ್ತೆ ಚೆನ್ನವ್ವನದು. ಕಷ್ಟದ ದಿನಗಳಲ್ಲಿ ಹಿಟ್ಟು ನಾದಿಕೊಟ್ಟು ಸೊಸೆಯ ಬೆನ್ನಿಗೆ ನಿಂತ ಮುದುಕಿ ಅವಳು. ಈಗ ಮೊಣಕಾಲು ಹಿಡಿದುಕೊಂಡಿತ್ತು. ಸಮುದ್ರ ಹೇಗಿರುತ್ತದೆ ನೋಡಬೇಕು ಎಂಬ ಆಸೆಯೊಂದು ಅವಳಿಗೆ ಉಳಿದಿತ್ತು.

ದೀಪಾವಳಿ ಮುಗಿದ ಮೇಲೆ ಕಾಶವ್ವ ಖಾನಾವಳಿಗೆ ಬೀಗ ಹಾಕಿದಳು. ಕುಮಟಾ ಕಡೆ ಮೀನುಗಾರರ ಒಂದು ಊರಿನಲ್ಲಿ ಲಲಿತಾ ಎಂಬಾಕೆ ದಂಡೆಯ ಹತ್ತಿರದ ತನ್ನ ಮನೆಯಲ್ಲಿ ಪ್ರವಾಸಿಗರಿಗೆ ಕೋಣೆ ಕೊಡುತ್ತಿದ್ದಳು. ಅಲ್ಲಿಗೆ ಹೋಗುವುದೆಂದಾಯಿತು. ಕಾಶವ್ವ ಕಟಿ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರನ್ನ ಮಾಡಿ ದೊಡ್ಡ ಬುತ್ತಿ ಕಟ್ಟಿದಳು.

ಅವರ ಮನೆತನದಲ್ಲಿ ಒಂದು ಪದ್ಧತಿ ಇತ್ತು. ನೀರಿನ ದಂಡೆಗೆಂದು ಕಟ್ಟಿದ ಬುತ್ತಿಯನ್ನು ನೀರಿನ ದಂಡೆಯಲ್ಲೇ ಬಿಚ್ಚಬೇಕು. ಮೊದಲ ತುತ್ತು ನೀರಿನ ತಾಯಿ ಗಂಗವ್ವನಿಗೆ, ಆಮೇಲೆ ಮನೆಯವರಿಗೆ. ಬಿಚ್ಚದೆ ಹಿಂದಕ್ಕೆ ತಂದರೆ ಮನೆಗೆ ಒಳ್ಳೆಯದಾಗುವುದಿಲ್ಲ ಎಂಬ ಅಂಜಿಕೆ.

ಹೊರಡುವ ಮುಂಜಾನೆ ಪಕ್ಕದ ಮನೆಯ ಈರಮ್ಮ ಓಡಿ ಬಂದಳು.

"ಕಾಶಕ್ಕಾ, ಸಮುದ್ರದಾಗ ಚಂಡಮಾರುತ ಎದ್ದೈತಂತ. ಟಿವಿಯಾಗ ತೋರಸಾಕತ್ತಾರ. ಮುಂದಿನ ವಾರ ಹೋಗ್ರೆಲಾ."

"ಟಿವಿಯವರಿಗೆ ದಿನಾ ಒಂದು ಚಂಡಮಾರುತ ಬೇಕಾಗೇತಿ," ಎಂದಳು ಕಾಶವ್ವ. "ನಾ ಬುತ್ತಿ ಕಟ್ಟೀನಿ. ಕಟ್ಟಿದ ಬುತ್ತಿಗೆ ಮುಂದಿನ ವಾರ ಅಂತ ಇರತೈತೇನ?"

ಬಸ್ಸಿನಲ್ಲಿ ಲಲಿತಾಳ ಫೋನು ಮತ್ತೆ ಮತ್ತೆ ಬಂತು. ಕಾಶವ್ವ ಹೆಸರು ನೋಡಿದಳು. ಬರಬೇಡಿ ಅನ್ನುವುದಕ್ಕೇ ಮಾಡುತ್ತಿದ್ದಾಳೆ ಎಂದು ತಿಳಿದು ಎತ್ತಲಿಲ್ಲ.

ಅವರು ಊರು ಮುಟ್ಟಿದಾಗ ಆಕಾಶ ಹಳೇ ಅಲ್ಯೂಮಿನಿಯಂ ಪಾತ್ರೆಯ ಹಾಗೆ ಕಪ್ಪಿಟ್ಟಿತ್ತು. ದೋಣಿಗಳನ್ನೆಲ್ಲ ಮೇಲಕ್ಕೆಳೆದು ಕಟ್ಟಿದ್ದರು. ಲಲಿತಾ ಕಾಗದಪತ್ರಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕೊಡದಲ್ಲಿ ಕುಡಿಯುವ ನೀರು ತುಂಬಿಸಿ, ಆಕಳನ್ನು ಮೇಲಿನ ಕೇರಿಗೆ ಅಟ್ಟಿ ನಿಂತಿದ್ದಳು. ಬೀದಿಯಲ್ಲಿ ಜೀಪು ಕೂಗುತ್ತಾ ಹೋಯಿತು: ದಂಡೆಯ ಮನೆಯವರೆಲ್ಲ ಗುಡ್ಡದ ಮೇಲಿನ ಶಾಲೆಗೆ ಹೋಗಿ, ಯಾರೂ ಸಮುದ್ರದ ಹತ್ತಿರ ಸುಳಿಯಬೇಡಿ.

"ಎಂತ ಅಕ್ಕಾ ನೀವು, ಫೋನ್ ಎತ್ತೂದಲ್ವಾ?" ಲಲಿತಾ ಗದರಿದಳು. "ಬಂದದ್ದು ಬಂದ್ರಿ. ಚೀಲ ಇಳಿಸ್ಬೇಡಿ. ಶಾಲೆಗೆ ಹೋಗೂ ಆ ಬಸ್ಸು ಹತ್ತಿ."

"ಹತ್ತತೀವಿ. ಅತ್ತಿಗೆ ಒಂದೀಟು ಸಮುದ್ರ ತೋರಿಸಿ, ಒಂದು ತುತ್ತು ಬಿಟ್ಟು ಬಂದಬಿಡತೀವಿ. ಹಿಂಗ ಹೋಗಿ ಹಿಂಗ ಬರೂದು."

"ಅಲ್ಲಿ ಗಾಳಿ ಮನುಷ್ಯರನ್ನ ನಿಲ್ಲೂಕೆ ಬಿಡೂದಿಲ್ಲ!"

"ನನ್ನ ನಿಲ್ಲಾಕ ಬಿಡದ ಗಾಳಿ ಇನ್ನೂ ಹುಟ್ಟಿಲ್ಲ ತಂಗಿ," ಎಂದವಳೇ ಕಾಶವ್ವ ಬುತ್ತಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅತ್ತೆಯ ಕೈ ಹಿಡಿದು ಗಾಳಿಮರದ ತೋಪಿನತ್ತ ನಡೆದಳು.

ತೋಪಿನ ಆಚೆ ಸಮುದ್ರ. ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಉಸುಕು ಎದ್ದು ಕಣ್ಣಿಗೆ ಬಡಿಯಿತು. ಒಂದು ಟೊಂಗೆ ಮುರಿದು ಅವರ ಮುಂದೆಯೇ ಬಿತ್ತು. ಕಾಶವ್ವ ಅದನ್ನು ದಾಟಿ ಮುಂದಡಿ ಇಟ್ಟಳು. ಕೈ ಹಿಂದಕ್ಕೆ ಜಗ್ಗಿತು. ತಿರುಗಿ ನೋಡಿದರೆ ಚೆನ್ನವ್ವ ದಾರಿಯ ನಡುವೆ ಕುಳಿತುಬಿಟ್ಟಿದ್ದಳು.

"ಏಳ್ರೀ ಅತ್ತಿ, ಇಲ್ಲೇ ಐತಿ."

"ನಾ ಒಲ್ಲೆ."

"ನಿಮಗಂತನ ಬಂದೀನಲ್ಲ! ಬುತ್ತಿ ಹಂಗ ಒಯ್ಯಾಕ ಬರೂದಿಲ್ಲರೀ."

"ಗಂಗವ್ವ ಸಿಟ್ಟಿನಾಗ ಅದಾಳ. ಕೇಳವಲ್ದೇನ ಅಕಿ ಬೈಯೂದು? ಮಂದಿ ಮನ್ಯಾಗ ಜಗಳ ನಡದಾಗ ನೀ ಬುತ್ತಿ ತಗೊಂಡು ಹೋಗಿ ಉಣ್ರಿ ಅಂತಿಯೇನ?" ಮುದುಕಿ ಸೊಸೆಯ ಕೈಯನ್ನು ಇನ್ನೂ ಗಟ್ಟಿ ಹಿಡಿದಳು. "ಕಾಶಿ, ನಾ ಜಾರಿದರ ನೀ ನನ್ನ ಕೈ ಬಿಡೂದಿಲ್ಲ. ಅದು ನನಗ ಗೊತ್ತೈತಿ. ನನ್ನ ಅಂಜಿಕಿ ಅದ."

ಕಾಶವ್ವ ಉತ್ತರಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ ಲಲಿತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿ ಬರುವುದು ಕಂಡಿತು. ಅವಳ ಹಿಂದೆ, ರಸ್ತೆಯಲ್ಲಿ, ಬಸ್ಸು ಹಾಗೇ ನಿಂತಿತ್ತು. ಕಿಟಕಿಗಳ ತುಂಬ ಮುದುಕರು, ಕೂಸು ಎತ್ತಿಕೊಂಡ ಬಾಣಂತಿಯರು. ಅತಿಥಿಗಳನ್ನು ಬಿಟ್ಟು ಲಲಿತಾ ಹತ್ತುವುದಿಲ್ಲ, ಲಲಿತಾಳನ್ನು ಬಿಟ್ಟು ಊರವರು ಹೊರಡುವುದಿಲ್ಲ.

ಖಾನಾವಳಿಯಲ್ಲಿ ಕೊನೆಯ ಗಿರಾಕಿ ಉಣ್ಣದೆ ಕಾಶವ್ವ ತಾನು ಉಂಡವಳಲ್ಲ. ಲಲಿತಾ ಯಾಕೆ ಓಡಿ ಬರುತ್ತಿದ್ದಾಳೆ ಎಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತನ್ನ ಒಂದು ಹಟಕ್ಕೆ ಒಂದು ಬಸ್ಸಿನಷ್ಟು ಜೀವಗಳು ಗಾಳಿಯಲ್ಲಿ ನಿಂತಿವೆ.

ಅವಳು ಬುತ್ತಿಯನ್ನು ಲಲಿತಾಳ ಕೈಗೆ ಕೊಟ್ಟಳು. ಅತ್ತೆಯನ್ನು ಎತ್ತಿ ಬೆನ್ನ ಮೇಲೆ ಕೂರಿಸಿಕೊಂಡು ಬಸ್ಸಿನ ಕಡೆ ನಡೆದಳು.

"ನಿಧಾನಕ್ಕ ಹೋಗ," ಎಂದಳು ಚೆನ್ನವ್ವ ಬೆನ್ನ ಮೇಲಿಂದ. "ಜೋಳದ ಚೀಲ ಹೊತ್ತಂಗ ಹೊತ್ತೀಯಲ್ಲ."

"ಜೋಳದ ಚೀಲ ಮಾತಾಡೂದಿಲ್ಲರೀ ಅತ್ತಿ."

ಸಂಜೆ ಶಾಲೆಯ ಹೊರಗೆ ಗಾಳಿ ಊಳಿಡುತ್ತಿತ್ತು. ಒಲೆ ಹೂಡಲು ಆಗದೆ ಮಕ್ಕಳು ಹಸಿವಿಗೆ ಅಳತೊಡಗಿದವು. ನೀರಿನ ದಂಡೆ ಇಲ್ಲದ ಕಡೆ ಬಿಚ್ಚುವುದು ಹೇಗೆ ಎಂದು ಕಾಶವ್ವ ಬುತ್ತಿಯ ಗಂಟನ್ನು ಹಿಡಿದುಕೊಂಡೇ ಕುಳಿತಿದ್ದಳು. ಚೆನ್ನವ್ವ ಲಲಿತಾಳ ಕೊಡ ತೋರಿಸಿದಳು.

"ಅದರಾಗ ಇರೂದು ನೀರಲ್ಲೇನ? ಅದಕ್ಕ ಕೈ ಮುಗಿ. ಹುಡುಗರು ಕಾಯಾಕತ್ತಾವು."

ಕಾಶವ್ವ ಕೊಡದ ಮುಂದೆ ಒಂದು ತುತ್ತು ಇಟ್ಟು ಕೈ ಮುಗಿದಳು. ಆಮೇಲೆ ರೊಟ್ಟಿ ಮುರಿದು ಹಂಚಿದಳು. ಖಾರ ಹೆಚ್ಚಾಯಿತು ಎಂದು ಲಲಿತಾ ಕಣ್ಣೀರು ಸುರಿಸಿಕೊಂಡು ಉಂಡಳು.

ಬೆಳಗಾಗುವಷ್ಟರಲ್ಲಿ ಗಾಳಿ ಇಳಿದಿತ್ತು. ಊರಿನ ಜೀವಗಳೆಲ್ಲ ಉಳಿದಿದ್ದವು. ಗಾಳಿಮರದ ತೋಪು ಮಾತ್ರ ಮಲಗಿತ್ತು. ಅವರು ನಿಂತು ಜಗಳಾಡಿದ ದಾರಿಯ ಮೇಲೆ ನೀರು ಹರಿಯುತ್ತಿತ್ತು. ಸಮುದ್ರದ ಅಬ್ಬರ ಇನ್ನೂ ತಗ್ಗಿರಲಿಲ್ಲ, ದಂಡೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಕಾಶವ್ವ ಈ ಸಲ ಯಾರೊಂದಿಗೂ ವಾದಿಸಲಿಲ್ಲ. ಗದಗಿನ ಬಸ್ಸು ಹತ್ತಿದ ಮೇಲೆ ಅವಳು ಅತ್ತೆಯ ಕಡೆ ತಿರುಗಿದಳು.

"ಅತ್ತೀ, ಇಷ್ಟು ದೂರ ಕರಕೊಂಡು ಬಂದು ನಿಮಗ ಸಮುದ್ರ ತೋರಸಲಿಲ್ಲ ನಾ."

ಚೆನ್ನವ್ವ ಸೊಸೆಯ ಭುಜಕ್ಕೆ ತಲೆ ಆನಿಸಿದಳು.

"ಅದೇನು ಬಿಟ್ಟು ಹೋಗೂ ಬಸ್ಸೇನ? ಇದ್ದಲ್ಲೇ ಇರತೈತಿ. ನೋಡಾಕ ನಾವಿಬ್ಬರೂ ಇರಬೇಕು, ಅಷ್ಟ. ಮುಂದಿನ ಸಲ ಲಲಿತಾ ಬಾ ಅಂದ ದಿನ ಬರೂಣು."

"ಹೂಂ ರೀ," ಎಂದಳು ಕಾಶವ್ವ. ಅತ್ತೆಯ ಮಾತನ್ನು ಅವಳು ಪೂರ್ತಿ ಕೇಳಿದ್ದು ಅದೇ ಮೊದಲು.

ನೀತಿ: ದುಡಿದು ಮೇಲೆ ಬರಲು ಹಟ ಬೇಕು, ನಿಜ. ಬಿರುಗಾಳಿಯ ಮುಂದೆ ಅದು ನಡೆಯುವುದಿಲ್ಲ. ಪ್ರವಾಸಕ್ಕೆ ಹೊರಡುವ ಮುನ್ನ ಹವಾಮಾನ ಕೇಳಿ, ಬರಬೇಡಿ ಎಂದರೆ ನಿಲ್ಲಿ, ಜಾಗ ಬಿಡಿ ಎಂದರೆ ಆ ಕ್ಷಣವೇ ಬಿಡಿ. ನೀವು ತಡಮಾಡಿದರೆ ನಿಮಗಾಗಿ ಕಾಯುವವರ ಜೀವವೂ ಅಪಾಯಕ್ಕೆ ಸಿಗುತ್ತದೆ. ಪ್ರೀತಿಯವರ ಆಸೆಯನ್ನು ಇನ್ನೊಂದು ದಿನ ನಡೆಸಿಕೊಡಬಹುದು, ಅವರು ಉಳಿದಿದ್ದರೆ.