ಮುಟ್ಟದೆ ನೋಡಿದ ದೋಣಿ

ಕಾರವಾರದ ದೇವು ಹರಿಕಂತ್ರ ದೋಣಿ ರಿಪೇರಿಯವ. ಆ ವಾರ ಅವನು ನೋಡಬೇಕಾಗಿದ್ದ ನಾಲ್ಕನೇ ಹಳೇ ಹಾಯಿದೋಣಿ ಅದು. ಮಂಡಿ ನೋಯುತ್ತಿತ್ತು. ಆದರೆ ಪರೀಕ್ಷಿಸಲು ಅವನನ್ನು ಕರೆತಂದಿದ್ದ, ದೋಣಿ ಕೊಳ್ಳಲಿದ್ದ ಮೇಷ್ಟ್ರು ಹೆಂಡತಿ ಮಕ್ಕಳನ್ನು ಅದರಲ್ಲೇ ಕಡಲಿಗೆ ಕರೆದೊಯ್ಯುವವರು. ಒಳಗೆ ಗಟ್ಟಿಯಿದೆಯೋ ಇಲ್ಲವೋ ಎಂದು ಬಡಿದು ನೋಡಲು ದೇವು ಸುತ್ತಿಗೆ ತೆಗೆದ.

ಮಾರುವ ರೇವಣಕರ ಸಾಹೇಬರು ಗುಡುಗಿದರು: "ಫೈಬರ್ ದೋಣಿ, ಹೊಸ ಬಣ್ಣ! ಮುಟ್ಟಬೇಡ. ಜೆಟ್ಟಿ ಮೇಲೆ ನಿಂತೇ ಹೇಳು."

"ಆಯ್ತು ಒಡೆಯಾ, ನನಗೂ ಸಾಕಾಗಿದೆ. ನೀವೇ ದೋಣಿ ಮೇಲೆ ಒಂದು ಸುತ್ತು ನಡೆದು ತೋರಿಸಿ," ಎಂದು ದೇವು ಜೆಟ್ಟಿಯ ಮೇಲೆ ಕೂತ.

ಸಾಹೇಬರು ದೋಣಿಯನ್ನು ಹೊಗಳುತ್ತಾ ಅದರ ಮೇಲೆ ಗತ್ತಿನಿಂದ ಸುತ್ತಿದರು.

"ಬೇಡ ಮೇಷ್ಟ್ರೇ," ಎಂದ ದೇವು, ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರ ಕಡೆ ತಿರುಗಿ. "ಫೈಬರ್ ಅಡಿಯ ಹಲಗೆ ಮೂರು ಕಡೆ ಕೊಳೆತಿದೆ."

"ಮುಟ್ಟದೆ ಹೇಗೋ ಗೊತ್ತಾಯ್ತು?" ಸಾಹೇಬರು ಕೂಗಿದರು.

"ಮೂರು ಕಡೆ ನೀವೇ ತುಳಿಯದೆ ದಾಟಿ ಕಾಲಿಟ್ರಲ್ಲ, ಒಡೆಯಾ."

ಮುಂದಿನ ಹೆಜ್ಜೆ ಎಲ್ಲಿಡುವುದೆಂದು ತಿಳಿಯದೆ ಸಾಹೇಬರು ದೋಣಿಯಲ್ಲೇ ನಿಂತರು.