ಮೂಲೆ ಮುದುಡಿದ ಡಬ್ಬ

"ಗುರುಗಳೇ, ನಮ್ಮ ತಂದೆ ತೀರಿಕೊಂಡು ನಾಳೆಗೆ ಒಂದು ವರ್ಷ. ಊರಿಗೆ ನಾನು ಹೋಗಲೇಬೇಕೇ?"

ಕೇಳಿದವನು ಈರಭದ್ರ. ಎಂಟನೆಯ ವಯಸ್ಸಿಗೆ ಮಠಕ್ಕೆ ಬಂದವನು, ಈಗ ಅಲ್ಲಿಯೇ ಪಾಠ ಹೇಳುತ್ತಿದ್ದ.

"ಹೋಗದಿರಲು ಏನು ಅಡ್ಡಿ?" ಎಂದರು ಗುರುಗಳು.

"ನಾಚಿಕೆ. ತಂದೆ ಎಂದರೆ ನನಗೆ ನೆನಪಾಗುವುದು ಬಗ್ಗಿದ ಬೆನ್ನು. ಅಕ್ಕಿ ಗಿರಣಿಯ ಯಜಮಾನ ಬಾಯಿಗೆ ಬಂದಂತೆ ಬೈದರೂ 'ಆಗಲಿ ಬುದ್ಧಿ' ಎನ್ನುತ್ತಿದ್ದರು. ನನ್ನನ್ನು ಶಾಲೆಗೆ ಸೇರಿಸುವಾಗ ಗುಮಾಸ್ತ ಕೂಗಾಡಿದ. ಅವನಿಗೂ ಕೈಮುಗಿದರು. ಒಂದು ದಿನವಾದರೂ ಅವರು ಗಟ್ಟಿಯಾಗಿ ನಿಂತದ್ದನ್ನು ಕಾಣೆ. ನಾಳೆ ಅವರ ಬಗ್ಗೆ ನಾಲ್ಕು ಮಾತು ಹೇಳು ಎನ್ನುತ್ತಾರೆ. ಏನು ಹೇಳಲಿ?"

"ಕುಳಿತುಕೋ. ನಿನ್ನ ಬಸ್ಸಿಗೆ ಇನ್ನೂ ಹೊತ್ತಿದೆ" ಎಂದು ಗುರುಗಳು ಕತೆ ತೆಗೆದರು.

ಈ ಕಾವಿ ತೊಡುವ ಮೊದಲು ನಾನಿದ್ದ ಮನೆಯ ಎದುರಿಗೆ ರಟ್ಟಿನ ಡಬ್ಬ ಮಾಡುವವನ ಅಂಗಡಿಯಿತ್ತು. ದಿನವಿಡೀ ಮೈದಾ ಅಂಟು ಕುದಿಯುವ ವಾಸನೆ. ಇವತ್ತಿಗೂ ಮಠಕ್ಕೆ ಹೊಸ ಡಬ್ಬ ಬಂದರೆ ಯಾರೂ ನೋಡದಾಗ ಮೂಸುತ್ತೇನೆ. ಸನ್ಯಾಸಿಗೆ ಇಂಥ ಆಸೆ ಇರಬಾರದು. ಇದೆ, ಏನು ಮಾಡಲಿ? ಆ ಬೀದಿ ಈಗಿಲ್ಲ, ವಾಸನೆ ಉಳಿದಿದೆ.

ಆ ಬೀದಿಯಲ್ಲಿ ಒಬ್ಬ ಭರಣಿ ವ್ಯಾಪಾರಿ ಇದ್ದ. ಉಪ್ಪಿನಕಾಯಿ ಹಾಕುವ ಪಿಂಗಾಣಿ ಭರಣಿಗಳನ್ನು ದೂರದ ಊರುಗಳಿಗೆ ಕಳಿಸುತ್ತಿದ್ದ. ಡಬ್ಬದವನು ಅವನಿಗೆಂದು ಐದು ಪದರದ ರಟ್ಟು ಮಾಡುತ್ತಿದ್ದ. ನಡುವಿನ ಮಡಿಕೆ ಕಾಗದಕ್ಕೆ ದೊಡ್ಡ ದೊಡ್ಡ ಅಲೆ. ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತಿತ್ತು. ಲಾರಿಯಿಂದ ಇಳಿಯುವಷ್ಟರಲ್ಲಿ ಆ ಡಬ್ಬಗಳ ಮೂಲೆ ಮುದುಡಿ, ಹೊಟ್ಟೆ ತಗ್ಗಾಗಿ ಹೋಗಿರುತ್ತಿತ್ತು. ಖಾಲಿ ಡಬ್ಬಗಳು ವಾಪಸು ಬಂದಾಗ ವ್ಯಾಪಾರಿ ಅವನ್ನು ಕಾಲಿನಿಂದ ಸರಿಸುತ್ತಿದ್ದ. ತನ್ನ ಅಂಗಡಿಯ ಹೆಸರು ಹೊತ್ತ ಡಬ್ಬ ಹೀಗೆ ಕಾಣುವುದೇ ಎಂದು ಅವನಿಗೆ ಅವಮಾನ.

ಮದುವೆಯಾಗಿ ಹೋದ ಅವನ ಮಗಳು ಒಂದು ಸಲ ಕಾಗದ ಬರೆದಳು. ಅಜ್ಜಿಯ ಭರಣಿ ನನಗೆ ಬೇಕು, ಅದರಲ್ಲಿ ಹಾಕಿದ ಮಾವಿನಮಿಡಿಯ ರುಚಿ ಬೇರೆಯದರಲ್ಲಿ ಬರುವುದಿಲ್ಲ ಎಂದು. ವ್ಯಾಪಾರಿಯ ತಾಯಿ ಸತ್ತು ಹತ್ತು ವರ್ಷವಾಗಿತ್ತು. ಅವಳ ಕೈ ಆಡಿದ ವಸ್ತು ಎಂದು ಮನೆಯಲ್ಲಿ ಉಳಿದಿದ್ದು ಅದೊಂದೇ.

ವ್ಯಾಪಾರಿ ಡಬ್ಬದವನ ಹತ್ತಿರ ಹೋದ. "ನಿನ್ನ ಮೆತ್ತನೆ ರಟ್ಟು ಬೇಡ ಮಾರಾಯ. ಬೀಗರ ಮನೆಗೆ ಹೋಗೋ ಸಾಮಾನು. ಕಬ್ಬಿಣದ ಪಂಪು ಕಳಿಸೋರು ಒಯ್ತಾರಲ್ಲ, ಸಣ್ಣ ಅಲೆ, ಏಳು ಪದರ, ಅದನ್ನ ಕೊಡು."

"ಅದು ಕಬ್ಬಿಣಕ್ಕೆ ಸ್ವಾಮಿ" ಎಂದ ಡಬ್ಬದವನು.

"ಕಬ್ಬಿಣಕ್ಕಿಂತ ನನಗೆ ಇದು ಹೆಚ್ಚು. ಮಾಡು ಅಂದ್ರೆ ಮಾಡು."

ಡಬ್ಬದವನು ಮಾಡಿಕೊಟ್ಟ. ಕಲ್ಲಿನಂಥ ಡಬ್ಬ. ವ್ಯಾಪಾರಿ ಗುದ್ದಿ ನೋಡಿ ಸಂತೋಷಪಟ್ಟ. ಹದಿನೈದು ದಿನಕ್ಕೆ ಮಗಳ ಕಾಗದ ಬಂತು. ಡಬ್ಬ ಒಂದು ಗೀರೂ ಇಲ್ಲದೆ ಬಂತು ಅಪ್ಪ, ಬೀಗರೆಲ್ಲ ಹೊಗಳಿದರು, ಬಿಚ್ಚಿದರೆ ಒಳಗೆ ಭರಣಿ ಮೂರು ಹೋಳಾಗಿತ್ತು ಎಂದು ಬರೆದಿದ್ದಳು.

ಅವನು ಕಾಗದ ಹಿಡಿದು ಡಬ್ಬದ ಅಂಗಡಿಯ ಮುಂದೆ ನಿಂತು ಕೂಗಾಡಿದ್ದನ್ನು ನಾನು ಮನೆಯ ಜಗುಲಿಯಿಂದಲೇ ಕೇಳಿದೆ. ಡಬ್ಬದವನು ಪೂರ್ತಿ ಕೇಳಿಸಿಕೊಂಡು, ಭರಣಿ ಹೊತ್ತು ಹೋಗಿ ವಾಪಸು ಬಂದಿದ್ದ ಹಳೆಯ ಡಬ್ಬವೊಂದನ್ನು ಒಳಗಿನಿಂದ ತಂದು ಅವನ ಮುಂದಿಟ್ಟ.

"ಅಷ್ಟು ದೂರ ಹೋಗೋ ಸಾಮಾನಿಗೆ ಏಟು ಬಿದ್ದೇ ಬೀಳ್ತದೆ ಸ್ವಾಮಿ. ಅದನ್ನ ಯಾರಾದ್ರೂ ಒಬ್ರು ತಿನ್ನಲೇಬೇಕು. ಇಷ್ಟು ವರ್ಷ ಇದು ತಿಂತು. ಹೊಸದು ತಾನು ತಿನ್ನಲಿಲ್ಲ, ಒಳಕ್ಕೆ ದಾಟಿಸ್ತು."

ವ್ಯಾಪಾರಿ ಅಲ್ಲೇ ಕುಕ್ಕರಿಸಿದ. ಬಹಳ ಹೊತ್ತು ಆ ಹಳೆಯ ಡಬ್ಬದ ಮುದುಡಿದ ಮೂಲೆಯನ್ನು ಹೆಬ್ಬೆರಳಿನಿಂದ ನೇರ ಮಾಡುತ್ತಾ ಕುಳಿತಿದ್ದ. ಅದು ನೇರವಾಗಲಿಲ್ಲ. ಆದರೂ ಅದನ್ನು ಬಗಲಲ್ಲಿ ಇಟ್ಟುಕೊಂಡು ಮನೆಗೆ ಹೋದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಈರಭದ್ರ ತಲೆ ತಗ್ಗಿಸಿದ್ದ. ಮನಸ್ಸಿನ ಮುಳ್ಳು ಇನ್ನೂ ಹೋಗಿರಲಿಲ್ಲ.

"ಅದು ಭರಣಿಯ ಮಾತಾಯಿತು ಗುರುಗಳೇ. ನಮ್ಮ ತಂದೆಯ ಹತ್ತಿರ ಅಂಥದ್ದೇನಿತ್ತು? ಜೀವಮಾನವಿಡೀ ಬಗ್ಗಿ ಅವರು ಏನನ್ನು ಉಳಿಸಿದರು?"

ಗುರುಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನು ಒಡೆಯದೆ ಇಲ್ಲಿಗೆ ಬಂದು ಮುಟ್ಟಿದ್ದೀಯಲ್ಲಪ್ಪ."