ಡಾಕ್ಟರು ಉಣ್ಣದ ರೊಟ್ಟಿ

ನೀಲಾಂಬಿಕೆ ಮೇಡಂ ಹಲ್ಲಿನ ಡಾಕ್ಟರಾಗುವವರಿಗೆ ಪಾಠ ಹೇಳಿಯೇ ತಲೆ ನರೆಸಿಕೊಂಡವರು. ಸಿಟ್ಟು ಅವರಿಗೆ ಮೂಗಿನ ತುದಿಯಲ್ಲೇ. ಒಂದು ಮಧ್ಯಾಹ್ನ ದವಡೆ ನೋವೆಂದು ಹಳೆಯ ಶಿಷ್ಯ ಚನ್ನವೀರನ ಕ್ಲಿನಿಕ್ಕಿಗೆ ಹೋದರು. ಗುರುಗಳು ಬಂದರೆಂದು ಅವನು ಒಳಗೇ ಕರೆದು, ತನ್ನ ಮೇಜಿನ ಪಕ್ಕ ಕೂರಿಸಿದ. ಮೇಜಿನ ಮೇಲೆ ಅವನ ಊಟದ ಡಬ್ಬಿ ಇತ್ತು.

ಕುರ್ಚಿಯಲ್ಲಿ ಮುದುಕನೊಬ್ಬ ಕೆಮ್ಮುತ್ತಲೇ ಬಾಯಿ ತೆರೆದಿದ್ದ. ಎಸಿಯ ತಂಪು ಹೊರಗೆ ಹೋಗಬಾರದೆಂದು ಕಿಟಕಿಗಳೆಲ್ಲ ಭದ್ರ. ಚನ್ನವೀರನ ಕೈಯಲ್ಲಿ ಹಲ್ಲು ಕೊರೆಯುವ ಯಂತ್ರ ಗುಂಯ್ ಎಂದದ್ದೇ ತಡ, ನೀರು, ಎಂಜಲು, ರಕ್ತ ಎಲ್ಲ ಸೇರಿ ಸಣ್ಣ ಹನಿಯಾಗಿ ಗಾಳಿಗೆ ಎದ್ದವು. ಅದನ್ನು ಹೀರಬೇಕಾದ ದಪ್ಪ ಪೈಪು ಮೂಲೆಯಲ್ಲಿ ಸುತ್ತಿಟ್ಟಂತೆಯೇ ಬಿದ್ದಿತ್ತು. ಮಹಾರಾಯ ತಾನು ಮಾತ್ರ ಗಟ್ಟಿ ಮಾಸ್ಕ್ ಕಟ್ಟಿಕೊಂಡಿದ್ದ! ಮೇಡಂಗೆ ಮೈಯೆಲ್ಲ ಉರಿಯಿತು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಸದ್ದಿಲ್ಲದೆ ಡಬ್ಬಿಯ ಮುಚ್ಚಳ ತೆಗೆದಿಟ್ಟರು.

ಮುದುಕ ಹೋದ. ನರ್ಸ್ ಕುರ್ಚಿ ಒರೆಸಿದಳು. ಚನ್ನವೀರ ಹೊಸ ಗ್ಲೌಸ್ ಹಾಕಿಕೊಂಡು ಮುಂದಿನವರನ್ನು ಕರೆದೇಬಿಟ್ಟ. ಬಂದವಳು ರತ್ನವ್ವ, ಬಸುರಿ. ಮೇಡಂ ಎದ್ದು ಹೋಗಿ ಅವಳನ್ನು ಬಾಗಿಲಲ್ಲೇ ತಡೆದರು.

ಕುರ್ಚಿ ಒರೆಸಿಯಾಗಿದೆ, ಸಲಕರಣೆಗಳು ಹಬೆಯಲ್ಲಿ ಬೆಂದು ಬಂದಿವೆ, ಇನ್ನೇನು ಮಾಡಬೇಕು, ಹೊರಗೆ ಜನ ಕಾಯ್ತಿದ್ದಾರೆ ಎಂದು ಚನ್ನವೀರ ಗೊಣಗಿದ.

"ಆಗಲಿ. ಮೊದಲು ಊಟ ಮಾಡು," ಅಂದರು ಮೇಡಂ.

ಬಾಯ್ದೆರೆದ ಡಬ್ಬಿ ಕಂಡು ಅವನು ಹೌಹಾರಿದ. "ಮುಚ್ಚಳ ಯಾರು ತೆಗೆದ್ರು? ಆ ಎಂಜಲೆಲ್ಲ ರೊಟ್ಟಿ ಮೇಲೆ ಬಿದ್ದಿರುತ್ತೆ ಮೇಡಂ. ಹೇಗೆ ತಿನ್ನಲಿ?"

"ನಿನ್ನ ರೊಟ್ಟಿಗೆ ಬಿದ್ದದ್ದು ಈಕೆಯ ಮೂಗಿಗೆ ಹೋಗಲ್ಲವೇನೋ? ರೊಟ್ಟಿಗಾದರೂ ಮುಚ್ಚಳ ಇತ್ತು. ಉಸಿರಿಗೆ ಎಲ್ಲಿದೆ ಮುಚ್ಚಳ?"

ಇಷ್ಟು ವರ್ಷ ಕಲಿಸಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದು ಅವರು ಬೈದದ್ದು ಬೀದಿಗೂ ಕೇಳಿತು. ಚನ್ನವೀರ ತೆಪ್ಪಗೆ ಎಸಿ ಆರಿಸಿದ, ಕಿಟಕಿ ತೆರೆದ, ಪೈಪು ಬಿಚ್ಚಿದ. ಕೋಣೆಯಲ್ಲಿ ಚೆನ್ನಾಗಿ ಗಾಳಿಯಾಡುವವರೆಗೆ ಇನ್ನೊಬ್ಬರನ್ನು ಕರೆಯುವುದಿಲ್ಲ, ಕೆಮ್ಮುವವರಿಗೆ ಕೆಮ್ಮು ವಾಸಿಯಾದ ಮೇಲೇ ಬರಹೇಳುತ್ತೇನೆ ಎಂದ.

ಬಾಗಿಲಲ್ಲಿ ನಿಂತಿದ್ದ ರತ್ನವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಕೇಳಿದಳು:

"ಹೋದ ವಾರ ನಾನು ಬಂದಾಗ್ಲೂ ಕಿಟಕಿ ಹಾಕೇ ಇತ್ತಲ್ರೀ, ಡಾಕ್ಟ್ರೇ?"

ಚನ್ನವೀರ ಡಬ್ಬಿಯ ರೊಟ್ಟಿಯನ್ನು ಕಸದ ಬುಟ್ಟಿಗೆ ಸುರಿದ. ಅವತ್ತು ಅವನು ಉಪವಾಸ. ಇರಲಿ ಬಿಡಿ, ಅಷ್ಟಾದರೂ ಆಗಬೇಕಿತ್ತು.

ನೀತಿ: ನಿನ್ನ ಅನ್ನಕ್ಕೆ ಬೀಳಬಾರದ ಕೊಳೆಯನ್ನು ನಂಬಿ ಬಂದವರ ಉಸಿರಿಗೆ ಬಿಡಬೇಡ. ಕಣ್ಣಿಗೆ ಕಾಣುವ ಕುರ್ಚಿ ಒರೆಸಿದರೆ ಸಾಲದು. ಕಾಣದ ಗಾಳಿಗೂ ನೀನೇ ಹೊಣೆ.